ಲೈಟರಿನ ಮೇಲಿನ ಹದ್ದು

ಕೊಟ್ಟೂರಿನ ನಮ್ಮ ಮನೆಯಲ್ಲಿ ಬೀಡಿ ಸಿಗರೇಟು ಸೇದುವವರು ಯಾರೂ ಇರಲಿಲ್ಲ. ಆದರೆ ಪಡಸಾಲೆಯ ಗೋಡೆಗೆ ಒರಗಿದ್ದ ಗಾಜಿನ ಬೀರುವಿನ ಮೇಲಿನ ಎರಡು ಅರೆಗಳ ತುಂಬ ಸಿಗರೇಟು ಲೈಟರುಗಳಿದ್ದವು. ಹಿತ್ತಾಳೆಯವು, ಹೊಳಪು ಹಾರಿದ ಬಿಳಿಯವು, ಚರ್ಮ ಸುತ್ತಿದವು, ಪಿಸ್ತೂಲಿನ ಆಕಾರದ್ದೊಂದು, ಮೇಜಿನ ಮೇಲಿಡುವ ಆಮೆಯಂಥದ್ದೊಂದು. ಕೆಳಗಿನ ಅರೆಗಳಲ್ಲಿ ಬೇರೆಯೇ ಸಂಸಾರ: ಕಳೆದುಹೋದ ಅಣ್ಣತಮ್ಮಂದಿರು ಕೊನೆಯಲ್ಲಿ ಒಂದಾಗಲು ಬೇಕಾಗುವ ಅರ್ಧ ಲಾಕೆಟ್ಟು, ಹಿಡಿಯಲ್ಲಿ ಹಾವಿನ ಹೆಡೆಯಿದ್ದ ಕೋಲು, ಖಳನಾಯಕನ ದಪ್ಪ ಉಂಗುರ, ಪೊಲೀಸ್ ಅಧಿಕಾರಿಯ ಎದೆಬಿಲ್ಲೆ. ಅವೆಲ್ಲ ಒಂದಲ್ಲ ಒಂದು ಸಿನಿಮಾದಲ್ಲಿ ಕಂಡ ಸಾಮಾನುಗಳ ನಕಲುಗಳು. ಎಲ್ಲವನ್ನೂ ಅಪ್ಪನೇ ಮಾಡಿದ್ದು. ಲೈಟರುಗಳನ್ನು ಮಾತ್ರ ಅವನು ಮಾಡಿದ್ದಲ್ಲ, ಕೂಡಿಹಾಕಿದ್ದು. ಅದಿರಿನ ಲಾರಿ ಓಡಿಸುವವರಿಂದ, ಹರಪನಹಳ್ಳಿಯ ಗುಜರಿಯವರಿಂದ, ತಾತನ ಪೆಟ್ಟಿಗೆ ತೆಗೆದಾಗ ಸಿಕ್ಕಿತು ಎಂದು ತಂದುಕೊಡುವ ಮೊಮ್ಮಕ್ಕಳಿಂದ. ಮಾಗಳ, ಬಾಗಳಿ ಕಡೆಯ ಹಳ್ಳಿಗಳಲ್ಲಿ ನಾಟಕ ಆಡುವ ಹುಡುಗರು ಒಂದು ರಾತ್ರಿಯ ಮಟ್ಟಿಗೆ ಲೈಟರು ಕೇಳಿಕೊಂಡು ಬರುತ್ತಿದ್ದರು. ನಮ್ಮ ಮನೆಗೆ ನಾಯಕನ ಪಾತ್ರದವರು ಬಂದದ್ದು ನನಗೆ ನೆನಪಿಲ್ಲ; ಬಂದವರೆಲ್ಲ ಖಳರು. ಊಟದ ಹೊತ್ತಿಗೆ ಬಂದರೆ ಅವ್ವ ಅವರಿಗೂ ರೊಟ್ಟಿ ಹಾಕುತ್ತಿದ್ದಳು.

ಅಪ್ಪನದು ಗಡಿಯಾರ ರಿಪೇರಿಯ ಕೆಲಸ. ಬಜಾರಿನಲ್ಲಿ ಎರಡು ಬಟ್ಟೆ ಅಂಗಡಿಗಳ ನಡುವೆ, ಒಬ್ಬರು ಕೂತರೆ ತುಂಬಿಹೋಗುವಷ್ಟು ಜಾಗ. ರಿಪೇರಿಯಾದ ಗೋಡೆ ಗಡಿಯಾರಗಳು ಒಂದು ವಾರ ಸರಿಯಾಗಿ ನಡೆಯುತ್ತವೆಯೇ ಎಂದು ನೋಡಲು ಅವನ್ನು ಮನೆಗೆ ತಂದು ತೂಗುಹಾಕುತ್ತಿದ್ದ. ಹಾಗಾಗಿ ಪಡಸಾಲೆಯಲ್ಲಿ ಯಾವಾಗಲೂ ಆರೇಳು ಗಡಿಯಾರ, ಆರೇಳು ಸಮಯ. ಹನ್ನೆರಡು ಹೊಡೆಯಲು ಶುರುವಾದರೆ ಕಾಲು ಗಂಟೆ ಹೊಡೆಯುತ್ತಲೇ ಇರುತ್ತಿತ್ತು. ನಿಜವಾದ ಸಮಯ ಬೇಕಾದರೆ ಅವ್ವ ಬೀದಿಗಿಳಿದು ಎದುರುಮನೆಯ ಬಾಷುಮಾಮನನ್ನು ಕೇಳಿ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಸುಮ್ಮನೆ ಕೂತವರನ್ನು ನಾನು ಕಂಡಿಲ್ಲ. ಅಪ್ಪ ಊಟಕ್ಕೆ ಕೂತಾಗಲೂ ಅವನ ಮೊಣಕಾಲು ಅಲ್ಲಾಡುತ್ತಿತ್ತು, ಕಣ್ಣು ಅಡುಗೆಮನೆಯ ಪಾತ್ರೆಗಳ ಮೇಲೆ ಓಡುತ್ತಿತ್ತು. ಆ ನೋಟದ ಅರ್ಥ ಅವ್ವನಿಗೆ ಗೊತ್ತಿತ್ತು.

"ನನ್ನ ಹಾಲಿನ ತಂಬಿಗಿ ಮುಚ್ಚಳ ಎಲ್ಲಿ?"

ಅಪ್ಪ ಪುಂಡಿಪಲ್ಯವನ್ನೇ ನೋಡುತ್ತ ರೊಟ್ಟಿ ಮುರಿಯುತ್ತಿದ್ದ.

"ನಿಮ್ಮನ್ನ ಕೇಳಾಕತ್ತೀನಿ."

"ಬೀರುದಾಗ ಐತಿ ನೋಡು. ಇನ್ಸ್‌ಪೆಕ್ಟರ್ ಆಗೈತಿ."

"ಹಂಗಾರ ಇವತ್ತು ಬೆಕ್ಕು ಬಂದ್ರ ಆ ಇನ್ಸ್‌ಪೆಕ್ಟರ್‌ಗೇ ಹೇಳ್ರಿ, ಹಾಲು ಕಾಯಲಿ."

ಬೀರುವಿಗೆ ಸೇರದ ಒಂದೇ ಒಂದು ಲೈಟರು ಮನೆಯಲ್ಲಿತ್ತು. ಅದು ದೇವರ ಜಗಲಿಯ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇರುತ್ತಿತ್ತು. ಅಜ್ಜ ಪ್ರಾಯದಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸದಲ್ಲಿದ್ದನಂತೆ. ಅಲ್ಲಿಯ ಒಬ್ಬ ಪರದೇಶಿ ಎಂಜಿನಿಯರು ಊರು ಬಿಡುವಾಗ ಅದನ್ನು ಅಜ್ಜನ ಕೈಗಿಟ್ಟು ಹೋದನಂತೆ. ಇದು ಅಜ್ಜಿ ಹೇಳಿದ್ದು, ಬೇರೆ ಸಾಕ್ಷಿ ಇಲ್ಲ. ಬೆಂಕಿಪೊಟ್ಟಣಕ್ಕಿಂತ ತುಸು ಉದ್ದನೆಯ ಹಿತ್ತಾಳೆಯ ಡಬ್ಬಿ ಅದು. ಮುಚ್ಚಳ ಎಷ್ಟು ಬಿಗಿಯಾಗಿ ಕೂರುತ್ತಿತ್ತೆಂದರೆ ಸೇರಿಕೆಯ ಗೆರೆ ಕೈಗೆ ಹತ್ತುತ್ತಿರಲಿಲ್ಲ; ತಲೆ ಯಾವುದು, ಬುಡ ಯಾವುದು ಎಂದು ಮುಟ್ಟಿ ಹೇಳುವಂತಿರಲಿಲ್ಲ. ಮುಚ್ಚಳದ ಮೇಲೆ ಮಾತ್ರ ಮೂರು ಇಂಗ್ಲಿಷ್ ಅಕ್ಷರ ಕೊರೆದಿದ್ದವು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಅವಳು ಹೆಬ್ಬೆರಳಿನಿಂದ ಆ ಅಕ್ಷರಗಳನ್ನು ಹುಡುಕಿ, ಅವು ಸಿಕ್ಕ ಕಡೆಯನ್ನು ಮೇಲೆ ಮಾಡಿ, ಮುಚ್ಚಳ ತೆಗೆದು ಚಕ್ರ ತಿರುವುತ್ತಿದ್ದಳು. ದಿನಾ ಸಂಜೆ ಜಗಲಿಯ ದೀಪ ಹಚ್ಚುತ್ತಿದ್ದದ್ದು ಅದರಿಂದಲೇ. ಅಪ್ಪ ಗಡಿಯಾರ ತೊಳೆಯುವ ಪೆಟ್ರೋಲನ್ನು ವಾರಕ್ಕೊಮ್ಮೆ ಅದಕ್ಕೆ ತುಂಬಿಕೊಡುತ್ತಿದ್ದ. ಅವ್ವನಿಗೆ ಇದು ಸರಿಬರುತ್ತಿರಲಿಲ್ಲ.

"ಸಿಗರೇಟು ಹಚ್ಚೋ ಸಾಮಾನಿಲೆ ದೇವರ ದೀಪ ಹಚ್ಚಾಕ ಬರ್ತೈತೇನ್ರಿ ಅತ್ತಿ? ಬೆಂಕಿಪೊಟ್ಣ ಇಲ್ಲೇನು ಮನ್ಯಾಗ?"

"ಅದು ನಮ್ಮನಿಗೆ ಬಂದ ಮ್ಯಾಲೆ ದೀಪ ಬಿಟ್ಟು ಇನ್ನೊಂದು ಹಚ್ಚಿಲ್ಲ. ಒಲಿ ಸುದ್ಧಾ ಹಚ್ಚಿಲ್ಲ. ನಿನ್ನ ಬೆಂಕಿಪೊಟ್ಣ ಏನೇನು ಹಚ್ಚೈತಿ, ಅದನ್ನ ಹೇಳು ಮೊದ್ಲ."

ಅಪ್ಪನ ಸಿನಿಮಾ ಕೆಲಸಕ್ಕೆ ಒಂದು ಕ್ರಮವಿತ್ತು. ಆಗ ವಿಡಿಯೋ ಡೆಕ್ ಬಾಡಿಗೆಗೆ ಸಿಗುತ್ತಿತ್ತು, ನಿಜ. ಆದರೆ ಹೊಸ ಸಿನಿಮಾದ ಕ್ಯಾಸೆಟ್ ಸಿಗಲು ಬಹಳ ಕಾಲ ಹಿಡಿಯುತ್ತಿತ್ತು, ಸಿಕ್ಕರೂ ಚಿತ್ರ ನಿಲ್ಲಿಸಿದರೆ ಗೆರೆಗಳು ಕುಣಿಯುತ್ತಿದ್ದವು. ಆದ್ದರಿಂದ ಟಾಕೀಸಿನಲ್ಲೇ ಕೂತು, ಓಡುವ ಚಿತ್ರದಿಂದಲೇ ಸಾಮಾನನ್ನು ಕದಿಯಬೇಕಿತ್ತು. ಒಬ್ಬರು ಒಂದನ್ನೇ ನೋಡಬೇಕು ಎಂಬುದು ಅಪ್ಪನ ನಿಯಮ. ಅವನು ಹಿಡಿಯನ್ನು ನೋಡಿದರೆ ನಾನು ಅಲಗನ್ನು. ಅವನು ಅಳತೆಯನ್ನು ನೋಡಿದರೆ ನಾನು ಮೇಲಿನ ಕೆತ್ತನೆಯನ್ನು. ಹಾಡು, ಹೊಡೆದಾಟ, ನಾಯಕಿಯ ಸೀರೆ ಯಾವುದೂ ನಮ್ಮ ಲೆಕ್ಕಕ್ಕಿಲ್ಲ. ಮನೆಗೆ ಬಂದ ಕೂಡಲೇ ಅವನು ಒಂದು ಉದ್ದನೆಯ ಪುಸ್ತಕ ತೆಗೆಯುತ್ತಿದ್ದ. ಒಂದು ಸಾಮಾನಿಗೆ ಒಂದು ಪುಟ. ಚಿತ್ರ, ಅದರ ಕೆಳಗೆ ಯಾವ ಭಾಗವನ್ನು ಯಾರು ನೋಡಿದರು, ಎಷ್ಟು ಸಲ ನೋಡಿದರು ಎಂಬ ವಿವರ. ನನ್ನ ಹೆಸರು ಮೊದಲು ದಾಖಲಾದದ್ದು ಪತ್ರಿಕೆಯಲ್ಲಲ್ಲ, ಆ ಪುಸ್ತಕದಲ್ಲಿ: "ನೋಡಿದವರು: ಗಿರಿಜಾ. ಎರಡು ಸಲ." ಮುಂದೆ ನಾನು ಮಾಡಿದ ವರದಿಗಾರಿಕೆಯ ಮೊದಲ ಪಾಠ ಟಾಕೀಸಿನ ಬೆಂಚಿನ ಮೇಲೆ ಆದದ್ದು. ಕೊನೆಯ ಹಂತವೂ ಒಂದಿತ್ತು. ಆಗ ನಮ್ಮ ಕಡೆಗೆ ಒಂದು ಸಿನಿಮಾಕ್ಕೆ ಒಂದೇ ಪ್ರಿಂಟು. ಕೊಟ್ಟೂರಲ್ಲಿ ಆಟ ಮುಗಿದರೆ ಅದೇ ತಗಡಿನ ಪೆಟ್ಟಿಗೆ ಬಸ್ಸಿನ ಮೇಲೆ ಹಗರಿಬೊಮ್ಮನಹಳ್ಳಿಗೆ, ಅಲ್ಲಿಂದ ಹಡಗಲಿಗೆ ಹೋಗುತ್ತಿತ್ತು. ನಕಲು ಮುಗಿದ ಮೇಲೆ ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಪ್ರಿಂಟಿನ ಬೆನ್ನು ಹತ್ತಿ ಮುಂದಿನ ಊರಿಗೆ ಹೋಗುತ್ತಿದ್ದ. ಕತ್ತಲಲ್ಲಿ ಸಾಮಾನನ್ನು ಪರದೆಯ ಎದುರು ಎತ್ತಿ ಹಿಡಿದು ತಾಳೆ ನೋಡುತ್ತಿದ್ದ. ತಾಳೆಯಾದರೆ ಬೀರುವಿಗೆ, ಇಲ್ಲದಿದ್ದರೆ ಮತ್ತೆ ಅರದ ಕೆಳಗೆ.

ನಾನು ಆರನೇ ತರಗತಿಯಲ್ಲಿದ್ದ ವರ್ಷ ಬಂದ ಒಂದು ಸಿನಿಮಾದಲ್ಲಿ ಖಳನಾಯಕನ ಕೈಯಲ್ಲಿ ಒಂದು ಲೈಟರಿತ್ತು. ಮೊದಲ ದಿನವೇ ಅಪ್ಪ ಬೆಂಚಿನಲ್ಲಿ ನೆಟ್ಟಗಾದ. ಅಜ್ಜಿಯ ಲೈಟರಿನದೇ ಮೈಕಟ್ಟು, ಮುಚ್ಚಳ ತೆಗೆಯುವ ರೀತಿಯೂ ಅದೇ. ಖಳ ಅದನ್ನು ಯಾವಾಗಲೂ ಮುಷ್ಟಿಯಲ್ಲೇ ಹಿಡಿಯುತ್ತಿದ್ದ. ಒಂದೇ ಒಂದು ಕಡೆ, ವಿಶ್ರಾಂತಿಗೆ ಮೊದಲು, ಅವನು ಅದನ್ನು ಮೇಜಿನ ಮೇಲೆ ನಿಲ್ಲಿಸುತ್ತಿದ್ದ, ಪರದೆಯ ತುಂಬ ಅದೊಂದೇ ಕಾಣುತ್ತಿತ್ತು. ಆ ಕ್ಷಣದಲ್ಲಿ ಅಪ್ಪನ ತಲೆ ಮಡಿಲಲ್ಲಿದ್ದ ಪುಸ್ತಕದ ಮೇಲೆ ಬಗ್ಗಿರುತ್ತಿತ್ತು. ಹಿಂದಿನ ದೃಶ್ಯದಲ್ಲಿ ಕಂಡ ಬೆರಳಿನ ಚಲನೆಯನ್ನು ಮರೆಯುವ ಮೊದಲು ಬರೆದುಕೊಳ್ಳಬೇಕಿತ್ತು. ಮೇಜಿನ ಮೇಲಿನ ಲೈಟರು ನನ್ನ ಪಾಲು. ಆದರೆ ಅದರ ಬೆನ್ನಿಗೇ ಅದೇ ಲೈಟರಿನಿಂದ ಖಳ ಒಂದು ಮನೆಯ ಪರದೆಗೆ ಬೆಂಕಿ ಇಡುತ್ತಾನೆ, ಒಳಗೆ ತೊಟ್ಟಿಲಲ್ಲಿ ಕೂಸು ಇರುತ್ತದೆ. ಅವನು ಮೇಜಿನ ಕಡೆ ನಡೆದು ಸಂಗೀತ ಏರಿದ ಕೂಡಲೇ ನಾನು ಕಣ್ಣು ಮುಚ್ಚಿದೆ. ಕೂಸು ಕೊನೆಗೆ ಉಳಿಯುತ್ತದೆ ಎಂದು ಗೊತ್ತಾದ ಮೇಲೂ, ಎರಡನೇ ಸಲ ಮುಚ್ಚಿದೆ. ಮೂರನೇ ಸಲ ಮುಚ್ಚುವುದಿಲ್ಲ ಎಂದು ನಿಶ್ಚಯಿಸಿ ಹೋಗಿ, ಮತ್ತೆ ಮುಚ್ಚಿದೆ. ಅಂದಿಗೆ ಕೊಟ್ಟೂರಿನ ಆಟ ಮುಗಿಯಿತು.

ನೋಡಿಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಆ ದಿನಗಳಲ್ಲಿ ಅವ್ವ ನನ್ನ ಟಾಕೀಸಿನ ತಿರುಗಾಟ ನಿಲ್ಲಿಸಬೇಕೆಂದು ಹಟ ಹಿಡಿದಿದ್ದಳು. ದೊಡ್ಡವಳಾಗುವ ಹುಡುಗಿ, ವಾರದಲ್ಲಿ ಮೂರು ಸಲ ಗಂಡಸರ ನಡುವೆ ಬೆಂಚಿನ ಮೇಲೆ ಕೂರುವುದು ಅವಳಿಗೆ ಒಪ್ಪಿಗೆಯಿರಲಿಲ್ಲ. ಅಪ್ಪ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಿದ್ದ: "ಆಕಿ ಕಣ್ಣು ಬೇಕು ನನಗ." ಆ ಕಣ್ಣು ಮೂರು ಸಲ ಮುಚ್ಚಿತ್ತು ಎಂದು ತಿಳಿದರೆ ಅವ್ವ ಗೆಲ್ಲುತ್ತಿದ್ದಳು, ಅಪ್ಪನ ಪಕ್ಕದ ನನ್ನ ಜಾಗ ಹೋಗುತ್ತಿತ್ತು. ಹನ್ನೊಂದು ವರ್ಷದ ನನಗೆ ಅದಕ್ಕಿಂತ ದೊಡ್ಡ ಆಸ್ತಿ ಬೇರೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬಾಷುಮಾಮ ಬಂದು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಅವನದು ಬೀಗ, ಸ್ಟೋ ರಿಪೇರಿ. ಮದುವೆಯ ಪಾತ್ರೆಗಳ ಮೇಲೆ ಹೆಸರು ಕೊರೆಯುವುದರಲ್ಲಿ ಅವನ ಕೈಗೆ ಸಾಟಿಯಿರಲಿಲ್ಲ. ಅಜ್ಜಿಯ ಲೈಟರು ಒಂದು ಬಟ್ಟೆಯ ಮೇಲೆ ಮಲಗಿತ್ತು. ಅದನ್ನೇ ಸಿನಿಮಾದ ಲೈಟರು ಮಾಡಲು ಅಪ್ಪ ಕೇಳಿದಾಗ ಅಜ್ಜಿ ಎರಡು ದಿನ ಮಾತಾಡಿರಲಿಲ್ಲ. ಮೂರನೆಯ ದಿನ, "ಕೆಡಿಸಬ್ಯಾಡ. ಹಂಗ ವಾಪಸ್ ಕೊಡು" ಎಂದು ಕೊಟ್ಟಿದ್ದಳು.

"ಸಿನಿಮಾದಾಗಿನ ಮುಚ್ಚಳ ಬೋಳು ಇದ್ರ ಕೆಲಸ ಹಗರ, ಕೊಟ್ರಣ್ಣ," ಎಂದು ಬಾಷುಮಾಮ ಅಪ್ಪನಿಗೆ ಹೇಳಿದ. "ಮ್ಯಾಲೆ ಒಂದು ತಗಡಿನ ತೊಪ್ಪಿಗಿ ತೊಡಿಸಿಬಿಡ್ತೀನಿ. ಒಳಗಿನ ಅಕ್ಷರ ಹಂಗ ಇರ್ತಾವು. ಬ್ಯಾಡ ಅಂದಾಗ ತೊಪ್ಪಿಗಿ ತಗದ್ರ ಆತು. ಆದ್ರ ಕೆತ್ತನಿ ಇದ್ರ ಕಷ್ಟ. ತೆಳು ತಗಡಿನ ಮ್ಯಾಲೆ ಉಳಿ ನಿಲ್ಲಂಗಿಲ್ಲ. ಇದರ ಮೈಮ್ಯಾಲೇ ಹೊಡೀಬೇಕು, ಅಕ್ಷರ ಉಜ್ಜಿ ತಗೀಬೇಕು."

ಇಬ್ಬರೂ ನನ್ನ ಕಡೆ ನೋಡಿದರು. ಗೋಡೆಯ ಮೇಲೆ ಒಂದು ಗಡಿಯಾರ ಒಂಬತ್ತು ಹೊಡೆಯಲು ಶುರುಮಾಡಿತು.

"ಏನಿತ್ತವ್ವಾ ಅದರ ಮ್ಯಾಲೆ?" ಅಪ್ಪ ಕೇಳಿದ.

"ಹದ್ದು."

ಆ ಪದ ಯಾಕೆ ಬಂತೋ ನನಗೆ ಇಂದಿಗೂ ಗೊತ್ತಿಲ್ಲ. ಏನೂ ಇರಲಿಲ್ಲ ಎಂದರೆ ನೋಡಿಲ್ಲ ಎಂಬುದು ಗೊತ್ತಾಗಿಬಿಡುತ್ತದೆ ಎಂದು ಹೆದರಿದ್ದಂತೂ ನೆನಪಿದೆ.

"ಯಾವ ಕಡಿ ಮಾರಿ?" ಬಾಷುಮಾಮ ಪೆನ್ಸಿಲು ತೆಗೆದ.

"ಎಡಕ್ಕ."

"ರೆಕ್ಕಿ ಬಿಚ್ಚಿತ್ತೋ, ಮಡಚಿತ್ತೋ?"

"ಬಿಚ್ಚಿತ್ತು."

"ಎಷ್ಟು ದೊಡ್ಡದು? ಮುಚ್ಚಳದಷ್ಟೋ?"

"ಮೈತುಂಬ ಇತ್ತು ಮಾಮ. ತಲಿ ಮುಚ್ಚಳದ ಮ್ಯಾಲೆ, ಕಾಲು ಬುಡದ ತನಕ."

"ಶಾಬಾಷ್! ಮುಚ್ಚಳ ತಗದ್ರ ಹದ್ದಿನ ತಲಿ ಹಾರತೈತಿ ಅನ್ನು!" ಬಾಷುಮಾಮ ತೊಡೆ ತಟ್ಟಿದ. "ನಿನ್ನ ಮಗಳು ಕೋರ್ಟಿನ್ಯಾಗ ಸಾಕ್ಷಿ ಹೇಳ್ಬೇಕು ನೋಡು ಕೊಟ್ರಣ್ಣ. ಒಂದು ಗರಿ ಬಿಟ್ಟಿಲ್ಲ."

ಅಪ್ಪನ ಮುಖದಲ್ಲಿ ಕಂಡ ಹೆಮ್ಮೆಯನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ. ಅಜ್ಜಿಯ ಮಾತು ಮರೆತು ಅವನು ಪುಸ್ತಕ ತೆಗೆದು ಬರೆದ: "ಮೈಮೇಲೆ ಹದ್ದು, ಎಡಕ್ಕೆ ಮುಖ. ನೋಡಿದವರು: ಗಿರಿಜಾ. ಮೂರು ಸಲ." ಬಾಷುಮಾಮ ಅರ ತೆಗೆದುಕೊಂಡು ಮುಚ್ಚಳದ ಮೇಲೆ ಆಡಿಸಿದ. ಹಿತ್ತಾಳೆಯ ಪುಡಿ ಬಟ್ಟೆಯ ಮೇಲೆ ಉದುರಿತು. ಮೊದಲ ಅಕ್ಷರ ಮಸುಕಾಗುವ ತನಕ ನಾನು ಅಲ್ಲೇ ನಿಂತಿದ್ದೆ. ಆಮೇಲೆ ಹಿತ್ತಲಿಗೆ ಹೋದೆ. ಅಲ್ಲಿಗೂ ಉಳಿಯ ಸದ್ದು ಕೇಳುತ್ತಿತ್ತು, ಟಕ್ ಟಕ್ ಎಂದು, ಇನ್ನೊಂದು ಗಡಿಯಾರದ ಹಾಗೆ.

ಆ ವಾರ ನಾನು ಕೂತಲ್ಲಿ ಕೂರಲಿಲ್ಲ. ಅಜ್ಜಿ ಸಂಜೆ ಅವ್ವನಿಂದ ಬೆಂಕಿಪೊಟ್ಟಣ ಕೇಳಿ ತೆಗೆದುಕೊಂಡು, ಕಡ್ಡಿಯನ್ನು ತಲೆಕೆಳಗಾಗಿ ಗೀರಿ, ಎಸೆದು, ಮತ್ತೊಂದು ತೆಗೆಯುತ್ತಿದ್ದಳು. ಅವ್ವ ಕಡ್ಡಿಗಳನ್ನು ಹೆಕ್ಕುತ್ತಿದ್ದಳು. ಗೆದ್ದವಳ ಹಾಗೆ ಅವಳು ಕಾಣುತ್ತಿರಲಿಲ್ಲ. ಅಪ್ಪ ಹದ್ದಿನ ಗರಿಗಳಿಗೆ ಪಾಲಿಷ್ ಹಾಕುತ್ತ, ಬಸ್ಸಿನ ಹೊತ್ತು ಲೆಕ್ಕಹಾಕುತ್ತ ಓಡಾಡುತ್ತಿದ್ದ. ಶನಿವಾರ ಹಗರಿಬೊಮ್ಮನಹಳ್ಳಿಗೆ ಹೋಗಿ ತಾಳೆ ನೋಡುವುದು ಎಂದು ಗೊತ್ತಾಗಿತ್ತು. ಹೇಳಿಬಿಡಲು ಸೋಮವಾರ ಒಮ್ಮೆ ಹೋದೆ, ಅವನು ವಾಚಿನೊಳಗಿನ ಕೂದಲೆಳೆಯಂಥ ಹೇರ್‌ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದಿದ್ದ, "ಉಸಿರು ಬಿಡಬ್ಯಾಡ" ಎಂದ. ಬುಧವಾರ ಹೋದೆ, ಯಾರೋ ಗಿರಾಕಿಗೆ "ನನ್ನ ಮಗಳು ಮೂರು ಸಲ ನೋಡ್ಯಾಳ್ರೀ" ಎನ್ನುತ್ತಿದ್ದ. ಆಮೇಲೆ ಹೋಗಲಿಲ್ಲ.

ಶನಿವಾರ ಶಾಲೆ ಬಿಟ್ಟ ಕೂಡಲೇ ಅಪ್ಪ, ಬಾಷುಮಾಮ, ನಾನು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಬಾಷುಮಾಮ ಲೈಟರನ್ನು ಪಕ್ಕದವರಿಗೆ ತೋರಿಸುತ್ತಿದ್ದ. ಒಬ್ಬ ಮುದುಕ ಅದನ್ನು ಕಣ್ಣಿನ ಹತ್ತಿರ ಹಿಡಿದು, "ಭಾಳ ಚಂದ ಐತ್ರೀ ಗಿಣಿ" ಎಂದ. "ಗಿಣಿ ನಿಮ್ಮ ಮನ್ಯಾಗ" ಎಂದು ಬಾಷುಮಾಮ ಕಿತ್ತುಕೊಂಡ. ಅಪ್ಪ ಎರಡು ಸಲ ಕಂಡಕ್ಟರನನ್ನು ಹೊತ್ತು ಕೇಳಿದ, ತನ್ನ ಕೈಯಲ್ಲೇ ವಾಚಿದ್ದರೂ. ನಾನು ಕಿಟಕಿಯ ಸರಳು ಹಿಡಿದು, ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡುತ್ತಿದ್ದೆ. ಅದು ಹೊತ್ತಿಗೆ ಸರಿಯಾಗಿ ತಲುಪಿತು.

ಟಾಕೀಸಿನಲ್ಲಿ ನಾನು ಅವರಿಬ್ಬರ ನಡುವೆ ಕೂತೆ. ಖಳ ನಕ್ಕ, ಮೇಜಿನ ಕಡೆ ನಡೆದ, ಸಂಗೀತ ಏರಿತು. ಅಪ್ಪನ ಮಡಿಲಲ್ಲಿ ಅಂದು ಪುಸ್ತಕವಿರಲಿಲ್ಲ. ಅವನು ತೋಳು ಚಾಚಿ ಲೈಟರನ್ನು ಪರದೆಯ ಎದುರು ಎತ್ತಿ ಹಿಡಿದ. ನಾನು ಮೊದಲ ಸಲ ಕಣ್ಣು ತೆರೆದು ನೋಡಿದೆ. ಮೇಜಿನ ಮೇಲೆ ಲೈಟರು ನಿಂತಿತ್ತು. ಅದರ ಮೇಲೆ ಏನೂ ಇರಲಿಲ್ಲ. ಹದ್ದಿಲ್ಲ, ಅಕ್ಷರವಿಲ್ಲ, ಒಂದು ಗೀರೂ ಇಲ್ಲ. ಬೋಳು ಹಿತ್ತಾಳೆ, ಅದರಲ್ಲಿ ದೀಪದ ಬೆಳಕು. ಮೂರೋ ನಾಲ್ಕೋ ಸೆಕೆಂಡು. ಅಷ್ಟು ಹೊತ್ತು ಅಪ್ಪನ ಕೈ ಮೇಲೇ ಇತ್ತು, ಆಮೇಲೆ ನಿಧಾನವಾಗಿ ಇಳಿಯಿತು. ವಿಶ್ರಾಂತಿಗೆ ದೀಪ ಹತ್ತಿದ ಕೂಡಲೇ ಅವನು ಎದ್ದ. ನಾವೂ ಎದ್ದೆವು. ಹೊರಗೆ ಮಂಡಕ್ಕಿ ಮಿರ್ಚಿಯ ಗಾಡಿಯ ಹತ್ತಿರ ನಿಂತಾಗ ಮೊದಲು ಮಾತಾಡಿದವನು ಬಾಷುಮಾಮ.

"ಆ ಕೂಸು ಉಳೀತೈತೇನು ಗಿರ್ಜಿ?"

"ಉಳೀತೈತಿ ಮಾಮ."

"ನೋಡಿ ಹೇಳ್ತೀಯೋ, ಹಂಗ ಹೇಳ್ತೀಯೋ?"

"ಅದನ್ನ ನೋಡೀನಿ," ಎಂದೆ.

ಅಪ್ಪ ಕೇಳಿದ್ದು ವಾಪಸ್ ಬರುವಾಗ, ಬಸ್ಸು ಊರು ಬಿಟ್ಟ ಮೇಲೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯಲ್ಲಿ ಗಿರಾಕಿಯನ್ನು, ಗಡಿಯಾರ ಎಲ್ಲಿ ಬಿತ್ತು, ಯಾವಾಗ ಬಿತ್ತು ಎಂದು ವಿಚಾರಿಸುವ ದನಿ.

"ಹದ್ದು ಎಲ್ಲಿ ನೋಡಿದಿ?"

"ಎಲ್ಲೂ ನೋಡಿಲ್ಲ."

"ಮತ್ತ ಏನು ನೋಡಿದಿ?"

"ಕಣ್ಣು ಮುಚ್ಚಿದ್ದೆ. ಬೆಂಕಿ ಹಚ್ತಾನ ಅಂತ."

"ಮೂರು ಸಲನೂ?"

"ಮೂರು ಸಲನೂ."

ಅಪ್ಪ ಜೇಬಿನಿಂದ ಲೈಟರು ತೆಗೆದು ತಿರುಗಿಸಿ ನೋಡಿದ. ಅವನ ಮೊಣಕಾಲು ಅಲ್ಲಾಡುತ್ತಿರಲಿಲ್ಲ. ಅದು ನಿಂತದ್ದನ್ನು ನಾನು ಕಂಡದ್ದು ಅಂದೇ.

"ಕಣ್ಣು ಮುಚ್ಚಿದ್ದೆ ಅಂದಿದ್ರ ನಾವಿಬ್ರೂ ಇವತ್ತ ಬಂದು ನೋಡ್ತಿದ್ವಿ. ತೊಪ್ಪಿಗಿ ತೊಡಿಸಿ ಮುಗಿಸ್ತಿದ್ವಿ. ಇದು ಈಗ ಸಿನಿಮಾದ್ದೂ ಅಲ್ಲ, ಅಜ್ಜಂದೂ ಅಲ್ಲ."

ಮನೆಗೆ ಬಂದ ಮೇಲೆ ಪುಸ್ತಕ ತೆಗೆದು ಆ ಪುಟ ತೆರೆದು ಪೆನ್ನನ್ನು ನನ್ನ ಕೈಗೆ ಕೊಟ್ಟ. ನಾನು ಹದ್ದಿನ ಸಾಲನ್ನು ಹೊಡೆದುಹಾಕಲು ಹೋದೆ.

"ಹೊಡೀಬ್ಯಾಡ. ಅದೂ ಇರಲಿ. ಕೆಳಗ ಬರಿ."

ಕೆಳಗೆ ಬರೆದೆ: "ಕಣ್ಣು ಮುಚ್ಚಿದ್ದೆ. ನೋಡಿಲ್ಲ. ಗಿರಿಜಾ." ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ಎರಡು ಸಾಲೂ ಇವೆ.

ಅಜ್ಜಿ ಜಗಲಿಯ ಮುಂದೆ ಕೂತಿದ್ದಳು. ನಾವು ತಡವಾಗಿದ್ದರಿಂದ ದೀಪ ಇನ್ನೂ ಹತ್ತಿರಲಿಲ್ಲ. ಲೈಟರು ಇವತ್ತು ಬರುತ್ತದೆ ಎಂದು ಅವಳು ಬೆಂಕಿಪೊಟ್ಟಣ ಮುಟ್ಟಿರಲಿಲ್ಲ. ಅಪ್ಪ ಲೈಟರನ್ನು ಅವಳ ಕೈಯಲ್ಲಿಟ್ಟು ದೂರ ಹೋಗಿ ನಿಂತ. ಅವಳ ಹೆಬ್ಬೆರಳು ಹುಡುಕಲು ಹೊರಟಿತು. ಮೇಲೆ ಹೋಯಿತು, ಕೆಳಗೆ ಬಂತು. ಮೊದಲು ಅಕ್ಷರಗಳಿದ್ದ ಕಡೆ ಒರಟು, ಇಲ್ಲದ ಕಡೆ ನುಣುಪು. ಈಗ ಎಲ್ಲ ಕಡೆ ಗರಿ. ಡಬ್ಬಿಯನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು.

"ಏನಿದು?"

"ಹದ್ದು, ಅಜ್ಜಿ. ನಾ ಹೇಳಿದ್ದು. ಸಿನಿಮಾದಾಗ ಹದ್ದು ಇರಲೇ ಇಲ್ಲ. ನಾ ನೋಡಿರಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಇನ್ನು ಟಾಕೀಸು ಸಾಕು ಎಂಬ ಮಾತು ಬರುತ್ತದೆ ಎಂದು ಕಾದೆ. ಅವಳೂ ಅಜ್ಜಿಯ ಬೆರಳನ್ನೇ ನೋಡುತ್ತಿದ್ದಳು. ಅಜ್ಜಿ ಲೈಟರನ್ನು ನನ್ನ ಕಡೆ ಚಾಚಿದಳು, ಆದರೆ ಕೈಯಿಂದ ಬಿಡಲಿಲ್ಲ.

"ಹಂಗಾರ ಈಗ ನೋಡಿ ಹೇಳು. ತಲಿ ಯಾವ ಕಡಿ ಐತಿ?"

"ಮ್ಯಾಲೆ ಐತಿ ಅಜ್ಜಿ."

ಅವಳು ಮುಚ್ಚಳ ತೆಗೆದು ಚಕ್ರ ತಿರುವಿದಳು. ದೀಪ ಹತ್ತಿತು.

ಅಂದಿನಿಂದ ದಿನಾ ಸಂಜೆ ಆ ಪ್ರಶ್ನೆ. ಎಲ್ಲಿ ಆಡುತ್ತಿದ್ದರೂ ನಾನು ಬರಬೇಕಿತ್ತು. ನಾನು ಹೇಳುವ ತನಕ ಅವಳು ಮುಚ್ಚಳ ತೆಗೆಯುತ್ತಿರಲಿಲ್ಲ. ಅಪ್ಪ ನನ್ನನ್ನು ಟಾಕೀಸಿಗೆ ಕರೆದುಕೊಂಡು ಹೋಗುವುದನ್ನೂ ನಿಲ್ಲಿಸಲಿಲ್ಲ. ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ "ನೋಡಿಲ್ಲ" ಎಂಬ ಪದ ಅಲ್ಲಲ್ಲಿ ಕಾಣತೊಡಗಿತು. ಹೀಗೆ ಎಷ್ಟೋ ತಿಂಗಳು ಕಳೆದ ಮೇಲೆ ಒಂದು ಸಂಜೆ, ಬೀದಿಯಲ್ಲಿ ಗೆಳತಿಯರು ಕರೆಯುತ್ತಿದ್ದರು, ಒಂದು ಕಾಲು ಹೊಸ್ತಿಲಾಚೆ ಇಟ್ಟುಕೊಂಡೇ ನಾನು ಅವಸರದಲ್ಲಿ ಹೇಳಿದೆ:

"ಮ್ಯಾಲೆ ಐತಿ ಅಜ್ಜಿ."

ಚಕ್ರದ ಸದ್ದು ಕೇಳಲಿಲ್ಲ.

"ನೋಡಿ ಹೇಳು," ಎಂದಳು ಅಜ್ಜಿ.

ಒಳಗೆ ಬಂದು, ಅವಳ ಮುಂದೆ ಬಗ್ಗಿ ನೋಡಿದೆ. ಹದ್ದಿನ ತಲೆ ಅವಳ ಮುಂಗೈಯ ಕಡೆಗಿತ್ತು.

"ಕೆಳಗ ಐತಿ," ಎಂದೆ.

ನಾನು ಹೇಳಿ ಮುಗಿಸುವ ಮೊದಲೇ, ಒಂದು ಗರಿಯನ್ನೂ ತಡವದೆ, ಅವಳು ಲೈಟರನ್ನು ಸರಿಯಾಗಿ ತಿರುಗಿಸಿ ದೀಪ ಹಚ್ಚಿದಳು.